ಗ್ರಂಥಾಲಯ ಸಪ್ತಾಹ ಬರ್ತಾ ಉಂಟು. ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತದೆ?

ಮಳೆ ಬಿಡುವ ಹೊತ್ತಿಗೆ ನಮ್ಮ ಕಡೆ ಕಾರ್ಯಕ್ರಮಗಳ ಕಾಲ ಶುರು. ವಾಟ್ಸ್‌ಆ್ಯಪಿನಲ್ಲಿ ಆಮಂತ್ರಣ ಪತ್ರಿಕೆಗಳು ಒಂದರ ಮೇಲೊಂದು ಬೀಳುತ್ತವೆ. ಅಕ್ಟೋಬರ್ 3ಕ್ಕೆ ಬ್ಯಾರಿ ಭಾಷಾ ದಿನ, ನವೆಂಬರ್ 1ಕ್ಕೆ ರಾಜ್ಯೋತ್ಸವ, ಅದು ಮುಗಿದು ಎರಡು ವಾರಕ್ಕೆ, ಅಂದರೆ ನವೆಂಬರ್ 14ರಿಂದ 20ರವರೆಗೆ, ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಈ ಕೊನೆಯದರ ಬಗ್ಗೆ ನಮ್ಮ ಮನೆಗಳಲ್ಲಿ ಯಾರೂ ಮಾತಾಡುವುದಿಲ್ಲ. ಊರಿನ ಗ್ರಂಥಾಲಯ ಎಂದರೆ ಪೇಪರ್ ಓದುವ ರಿಟೈರ್ಡ್ ಮಾಸ್ತರರದ್ದು, ಇಲ್ಲವೇ ಪೊಲೀಸ್, ಎಫ್‌ಡಿಎ ಪರೀಕ್ಷೆಗೆ ಕೂತ ಹುಡುಗರದ್ದು ಎಂದು ನಾವೇ ಬರೆದುಕೊಟ್ಟ ಹಾಗೆ ಉಂಟು.

ಸಪ್ತಾಹದ ಕಾರ್ಯಕ್ರಮ ಹೇಗೆ ನಡೆಯುತ್ತದೆ ಎಂದು ಹೋದವರಿಗೆ ಗೊತ್ತು. ಬೆಳಗ್ಗೆ 11 ಗಂಟೆಗೆ ಉದ್ಘಾಟನೆ. ಗ್ರಂಥಾಲಯ ಪಿತಾಮಹ ಎಸ್. ಆರ್. ರಂಗನಾಥನ್ ಅವರ ಫೋಟೋಕ್ಕೆ ಹಾರ. ಮುಖ್ಯ ಅತಿಥಿಗಳ ಭಾಷಣ, ಅದರಲ್ಲಿ ಮೊಬೈಲಿನಿಂದ ಮಕ್ಕಳು ಹಾಳಾದ ಸಂಗತಿ. ಕುರ್ಚಿ ತುಂಬಿಸಲು ಹತ್ತಿರದ ಶಾಲೆಯ ಒಂದು ಕ್ಲಾಸಿನ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಬರುತ್ತಾರೆ. ಪುಸ್ತಕ ಪ್ರದರ್ಶನ, ಪ್ರಬಂಧ ಸ್ಪರ್ಧೆ, ಕ್ವಿಜ್, ಕೊನೆಗೆ ಚಹಾ. ನಾನು ಮೂರ್ನಾಲ್ಕು ವರ್ಷ ಹೋಗಿದ್ದೇನೆ. ಟೀಚರುಗಳನ್ನು ಬಿಟ್ಟರೆ ನಮ್ಮ ಮನೆಗಳ ಹೆಂಗಸರು ಒಬ್ಬರನ್ನೂ ಅಲ್ಲಿ ನೋಡಿದ ನೆನಪಿಲ್ಲ. ಯಾರೂ ಅವರನ್ನು ಬರಬೇಡಿ ಎಂದು ಹೇಳಿಲ್ಲ, ಅದು ಹೌದು. ಆದರೆ ಬೆಳಗ್ಗೆ 11ಕ್ಕೆ ಅನ್ನಕ್ಕೆ ಇಟ್ಟು, ಮೀನು ಮಾರುವವನ ಹಾರ್ನ್‌ಗೆ ಕಿವಿ ಕೊಟ್ಟು ನಿಂತವಳಿಗೆ ಆ ಆಮಂತ್ರಣ ಎಂತಕ್ಕೆ ಮಾರಾಯ್ರೆ?

ನನಗೆ ಈ ವಿಷಯ ತಲೆಗೆ ಹೋದದ್ದು ಮಗಳಿಂದ. ದ್ವಿತೀಯ ಪಿಯುಸಿ ಓದುತ್ತಿದ್ದಾಗ ಅವಳಿಗೆ ಮನೆಯಲ್ಲಿ ಕೂತು ಓದಲು ಆಗುತ್ತಿರಲಿಲ್ಲ. ಮನೆ ತುಂಬ ಜನ, ಸಣ್ಣ ಮಕ್ಕಳು. ಲೈಬ್ರರಿಗೆ ಹೋಗು ಎಂದು ನಾನೇ ಹೇಳಿದೆ, ಅಪ್ಪ ಎಂಬ ಹೆಮ್ಮೆಯಲ್ಲಿ. ಎರಡು ದಿನ ಹೋದಳು, ಮೂರನೇ ದಿನ ಹೋಗಲಿಲ್ಲ. ಕಾರಣ ನನ್ನ ಹತ್ತಿರ ಹೇಳಲಿಲ್ಲ, ಅವಳ ಉಮ್ಮನ ಹತ್ತಿರ ಹೇಳಿದಳು. ಹೆಣ್ಣುಮಕ್ಕಳಿಗೆ ಟಾಯ್ಲೆಟ್ ಇಲ್ಲ. ಇದ್ದ ಒಂದಕ್ಕೆ ಬೀಗ, ಬೀಗದ ಕೈ ಕೆಳಗಿನ ಅಂಗಡಿಯವನ ಹತ್ತಿರ. ಅದಲ್ಲದೆ ಇದ್ದದ್ದು ಒಂದೇ ಉದ್ದದ ಮೇಜು, ಅದರ ಸುತ್ತ ಗಂಡಸರು. ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಸಂಜೆ. ಅಷ್ಟು ಹೊತ್ತು ಹುಡುಗಿ ಎಲ್ಲಿ ನಿಲ್ಲುವುದು, ಬಸ್‌ಸ್ಟ್ಯಾಂಡಿನಲ್ಲಾ? ಅವಳಿಗೆ ಯಾರೂ ಒಂದು ಮಾತು ಆಡಿರಲಿಲ್ಲ. ಆದರೂ ಅವಳು ವಾಪಸ್ ಬಂದಳು.

ಇದನ್ನು ಹೇಳಿದರೆ ಕೆಲವರು, ನಮ್ಮ ಹೆಣ್ಣುಮಕ್ಕಳಿಗೆ ಓದುವ ಆಸಕ್ತಿಯೇ ಇಲ್ಲ ಎಂದು ತೀರ್ಪು ಕೊಡುತ್ತಾರೆ. ಇನ್ನು ಕೆಲವರು, ಕಳುಹಿಸದ ತಂದೆತಾಯಂದಿರದ್ದು ತಪ್ಪು ಎನ್ನುತ್ತಾರೆ. ಎರಡರಲ್ಲೂ ಸ್ವಲ್ಪ ಸತ್ಯ ಇರಬಹುದು. ಆದರೆ ಸಪ್ತಾಹದಲ್ಲಿ ನಾವು ಹಾರ ಹಾಕುವ ಆ ರಂಗನಾಥನ್ ಅವರೇ ಇದನ್ನು ಬೇರೆ ರೀತಿ ನೋಡಿದವರು. ಅವರು ನಮ್ಮ ಊರಿಗೆ ಅಪರಿಚಿತರಲ್ಲ. 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತದ ಮಾಸ್ತರರಾಗಿದ್ದರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ, 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಪುಸ್ತಕ ತಂದರು. ಪುಸ್ತಕ ಇರುವುದು ಬಳಕೆಗಾಗಿ ಎಂಬುದು ಮೊದಲನೆಯದರ ಸಾರ. ಭಾಷಣಗಳಲ್ಲಿ ಇಷ್ಟು ಹೇಳಿ ಬಿಟ್ಟುಬಿಡುತ್ತಾರೆ. ಆದರೆ ಆ ಸೂತ್ರದ ಕೆಳಗೆ ಅವರು ಮಾತಾಡುವುದು ಗ್ರಂಥಾಲಯ ಊರಿನ ಯಾವ ಜಾಗದಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಕೂರಲು ಹೇಗಿರಬೇಕು, ಸಿಬ್ಬಂದಿ ಎಂಥವರಿರಬೇಕು ಎಂಬ ಸಂಗತಿಗಳನ್ನೇ. ಓದುಗ ಬರಲಿಲ್ಲ ಎಂದರೆ ಮೊದಲು ಬಾಗಿಲು ನೋಡಿ, ಆಮೇಲೆ ಓದುಗನನ್ನು ದೂರಿ ಎಂದ ಹಾಗೆ. ಅದೇ 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯಲ್ಲಿ ಪುಸ್ತಕ ಹೇರಿಕೊಂಡು ಹಳ್ಳಿಗಳಿಗೆ ಹೋಗುವ ಗ್ರಂಥಾಲಯ ಶುರುವಾಯಿತು. ಆ ಕಾಲದಲ್ಲಿ ಗಾಡಿ ಓಡಿತು ಎಂದರೆ ಈಗ ಒಂದು ಬೀಗದ ಕೈ ಜಾಗ ಬದಲಿಸುವುದು ಅಷ್ಟು ಕಷ್ಟವಾ?

ನಮ್ಮ ಮನೆಗಳ ಗಡಿಯಾರ ಬೇರೆ ಎಂಬುದನ್ನು ಕಾರ್ಯಕ್ರಮ ಹಾಕುವವರಿಗೆ ಯಾರೂ ಹೇಳಿಕೊಟ್ಟಿಲ್ಲ. ನಮ್ಮ ಮಕ್ಕಳು ಬೆಳಗ್ಗೆ ಮದ್ರಸಕ್ಕೆ ಹೋಗಿ, ಅಲ್ಲಿಂದ ಬಂದು ಎರಡು ತುತ್ತು ತಿಂದು ಶಾಲೆಗೆ ಓಡುವವರು. ಹೆಚ್ಚಿನ ಮದ್ರಸಗಳಿಗೆ ರಜೆ ಶುಕ್ರವಾರ. ಆದಿತ್ಯವಾರ ಬೆಳಗ್ಗೆ ಕ್ಲಾಸ್ ಉಂಟು. ಆದಿತ್ಯವಾರ ಒಂಬತ್ತು ಗಂಟೆಗೆ ಚಿತ್ರಕಲಾ ಸ್ಪರ್ಧೆ ಇಟ್ಟರೆ ನಮ್ಮ ಮಕ್ಕಳು ಇಲ್ಲ. ಅದೇ 11ಕ್ಕೆ ಇಟ್ಟರೆ ಟೊಪ್ಪಿ ತೆಗೆಯದೆ ಓಡಿ ಬರುತ್ತಾರೆ. ಹೆಂಗಸರಿಗೆ ಸಿಗುವ ಹೊತ್ತು ಮಧ್ಯಾಹ್ನದ ಊಟ ಮುಗಿದು, ಪಾತ್ರೆ ತೊಳೆದು, ಮಕ್ಕಳು ಶಾಲೆಯಿಂದ ಬರುವ ನಡುವಿನದ್ದು. ಎರಡೂವರೆಯಿಂದ ನಾಲ್ಕೂವರೆ ಎಂದು ಇಟ್ಟುಕೊಳ್ಳಿ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಗ್ರಂಥಾಲಯಕ್ಕೆ ಬೀಗ. ಇದರಲ್ಲಿ ಯಾರದ್ದೂ ದ್ವೇಷ ಇಲ್ಲ. ಕೇಳುವವರು ಇರಲಿಲ್ಲ, ಹಾಗಾಗಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕೇಳಲು ನಮಗೆ ಯಾವ ಹಕ್ಕು ಎಂದು ಕೇಳುವವರಿದ್ದಾರೆ. ಮನೆ ತೆರಿಗೆಯ ರಸೀದಿ ತೆಗೆದು ನೋಡಿ. ಆಸ್ತಿ ತೆರಿಗೆಯ ಮೇಲೆ ಆರೋಗ್ಯ ಕರ, ಭಿಕ್ಷುಕರ ಕರ ಎಂಬ ಸಾಲುಗಳ ಜೊತೆ ಗ್ರಂಥಾಲಯ ಕರ ಎಂಬ ಒಂದು ಸಾಲು ಇರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಅದು, ಈಗ ನೂರಕ್ಕೆ 6 ರೂಪಾಯಿ. ವರ್ಷಕ್ಕೆ 2,000 ರೂಪಾಯಿ ಆಸ್ತಿ ತೆರಿಗೆ ಬರುವ ಮನೆ 120 ರೂಪಾಯಿ ಗ್ರಂಥಾಲಯಕ್ಕೆ ಕೊಡುತ್ತದೆ. ಅಂಥ ಸಾವಿರ ಮನೆ ಇದ್ದರೆ 1 ಲಕ್ಷದ 20 ಸಾವಿರ. ದುಬೈ, ದಮ್ಮಾಮ್‌ನಲ್ಲಿ ಬೆವರು ಸುರಿಸಿ ಕಟ್ಟಿದ ದೊಡ್ಡ ಮನೆಗಳದ್ದು ಇನ್ನೂ ಹೆಚ್ಚು. ಮಸೀದಿಯ ವಾರ್ಷಿಕ ಸಭೆಯಲ್ಲಿ ಫ್ಯಾನ್ ರಿಪೇರಿಗೆ ಎಷ್ಟಾಯಿತು ಎಂದು ಗಂಟೆಗಟ್ಟಲೆ ಕೇಳುವ ನಾವು ಈ 120 ರೂಪಾಯಿಯ ಲೆಕ್ಕ ಒಮ್ಮೆಯೂ ಕೇಳಿದವರಲ್ಲ.

ಕೇಳಬೇಕಾದ ಲೆಕ್ಕ ಇದು. ಈ ಕರವನ್ನು ವಸೂಲು ಮಾಡುವುದು ಪುರಸಭೆ, ಪಟ್ಟಣ ಪಂಚಾಯತ್. ಗ್ರಂಥಾಲಯ ನಡೆಸುವುದು ಬೇರೆ ಇಲಾಖೆ. ವಸೂಲಾದದ್ದನ್ನು ಅವರಿಗೆ ದಾಟಿಸಬೇಕು. ರಾಜ್ಯದ ಅನೇಕ ಸ್ಥಳೀಯ ಸಂಸ್ಥೆಗಳು ಹಾಗೆ ದಾಟಿಸದೆ ದೊಡ್ಡ ಮೊತ್ತ ಬಾಕಿ ಉಳಿಸಿಕೊಂಡದ್ದು ಹಳೆಯ ಸುದ್ದಿ. ನಿಮ್ಮ ಊರಿನದ್ದು ಎಷ್ಟು ಎಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಸಾಕು: 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ. ಕಳೆದ ಮೂರು ವರ್ಷ ವಸೂಲಾದ ಗ್ರಂಥಾಲಯ ಕರ ಎಷ್ಟು, ಇಲಾಖೆಗೆ ಕಟ್ಟಿದ್ದು ಎಷ್ಟು ಎಂದು ಕೇಳಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಈಗ ಹಾಕಿದರೆ ಸಪ್ತಾಹದ ಮೊದಲು ಕೈಗೆ ಬರುತ್ತದೆ. ವೇದಿಕೆಯಲ್ಲಿ ಕೂತ ಅತಿಥಿಗಳಿಗೆ ಮಾತಾಡಲು ಮೊಬೈಲ್ ಬಿಟ್ಟು ಬೇರೆ ವಿಷಯವೂ ಆಯಿತು.

ಇನ್ನು ಅಕ್ಟೋಬರ್ 3ರ ವಿಷಯ. ನಮ್ಮ ಅಜ್ಜಿಯರು ಅನಕ್ಷರಸ್ಥರು ಎಂದು ನಾವೇ ಜನಗಣತಿಯವರಿಗೆ ಹೇಳಿಬಿಟ್ಟಿದ್ದೇವೆ. ಕನ್ನಡ ಓದಲು ಬರುತ್ತಿರಲಿಲ್ಲ, ಹೌದು. ಆದರೆ ಮಗ್ರಿಬ್ ಆದ ಮೇಲೆ ಮೌಲೂದ್, ಮಾಲೆಗಳ ಕಿತಾಬು ಬಿಡಿಸಿ ಕೂರುತ್ತಿದ್ದವರು ಅವರೇ ಅಲ್ಲವಾ? ಅರಬಿ ಅಕ್ಷರದಲ್ಲಿ ಮಲಯಾಳ ಬರೆದ ಆ ಹೊತ್ತಗೆಗಳಲ್ಲಿ ಮುಹಿಯದ್ದೀನ್ ಮಾಲೆ 1607ರದ್ದು. ನನ್ನ ಅಜ್ಜಿ ಬೆರಳಿಟ್ಟು, ರಾಗ ಎಳೆದು ಓದುತ್ತಿದ್ದದ್ದು ಈಗಲೂ ಕಿವಿಯಲ್ಲಿ ಉಂಟು. ಪುಟಗಳ ಅಂಚು ಎಣ್ಣೆ ಹಿಡಿದು ಕಪ್ಪಾಗಿತ್ತು. ಅವರು ಓದುಗರೇ. ಅವರಿಗೆ ಕಪಾಟು ಇಟ್ಟ ಗ್ರಂಥಾಲಯ ಮಾತ್ರ ಇರಲಿಲ್ಲ. ಆ ಕಿತಾಬುಗಳು ಈಗ ಅಟ್ಟದ ಮೇಲೆ ಗೆದ್ದಲಿಗೆ. ಬ್ಯಾರಿ ಭಾಷಾ ದಿನದಂದು ಸಭಾಂಗಣ ಹಿಡಿದು ಶಾಲು ಹೊದೆಸುವುದು ಆಗಲಿ, ಬೇಡ ಎನ್ನುವುದಿಲ್ಲ. ಅದರ ಜೊತೆಗೆ ಸಣ್ಣ ಪಟ್ಟಣದ ಗ್ರಂಥಾಲಯದಲ್ಲಿ ಒಂದು ಮಧ್ಯಾಹ್ನ, ಮನೆಯ ಹಳೆ ಕಿತಾಬು ತನ್ನಿ, ಓದಿ ತೋರಿಸಿ ಎಂದು ಅಜ್ಜಿಯರನ್ನು ಕರೆದರೆ ಹೇಗೆ? ಮೊಮ್ಮಗಳು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಲಿ.

ಬ್ಯಾರಿ ಸಾಹಿತ್ಯ ಅಕಾಡೆಮಿ ಕನ್ನಡ ಲಿಪಿಯಲ್ಲಿ ಬ್ಯಾರಿ ಪುಸ್ತಕ ತಂದಿದೆ, ನಿಘಂಟು ಕೂಡ ಉಂಟು. ನಿಮ್ಮ ಊರಿನ ಕಪಾಟಿನಲ್ಲಿ ಅದು ಇದೆಯಾ ಎಂದು ಹೋಗಿ ನೋಡಿ. ಸಾರಾ ಅಬೂಬಕ್ಕರ್ ಇದ್ದಾರಾ? ಫಕೀರ್ ಮುಹಮ್ಮದ್ ಕಟ್ಪಾಡಿ? ಬೊಳುವಾರು ಮಹಮದ್ ಕುಂಞಿ ಅವರ ‘ಸ್ವಾತಂತ್ರ್ಯದ ಓಟ’ಕ್ಕೆ 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರತಿ ಉಂಟಾ, ಅಥವಾ ಯಾರೋ ಕೊಂಡುಹೋಗಿ ವಾಪಸ್ ಕೊಡಲಿಲ್ಲವಾ? 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಎಲ್ಲ ಗ್ರೂಪುಗಳಲ್ಲಿ ಅಭಿನಂದನೆಯ ಮಳೆ. ಎಷ್ಟು ಮನೆಗಳಲ್ಲಿ ಅವರ ಒಂದು ಕಥೆಯಾದರೂ ಓದಿದರು ಎಂದು ನಾನು ಕೇಳಲು ಹೋಗುವುದಿಲ್ಲ. ನನ್ನ ಮನೆಯ ಉತ್ತರವೂ ಚೆನ್ನಾಗಿಲ್ಲ. ಹೆಂಗಸರೇ ಕೂತು ಒಂದು ಕಥೆ ಗಟ್ಟಿಯಾಗಿ ಓದಿ ಮಾತಾಡುವ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿಯೂ ಬೇಡ, ಮೈಕೂ ಬೇಡ.

ಪಟ್ಟಣದಿಂದ ಒಳಗೆ, ಗ್ರಾಮ ಪಂಚಾಯತ್‌ಗಳಲ್ಲಿ ಇರುವವರ ದಾರಿ ಬೇರೆ. ಅಲ್ಲಿನ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರ ಎಂಬ ಹೆಸರು. 2020ರಲ್ಲಿ ‘ಓದುವ ಬೆಳಕು’ ಶುರುವಾದ ಮೇಲೆ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಅನೇಕ ಕಡೆ ಕಂಪ್ಯೂಟರ್ ಬಂದಿದೆ. ಸ್ಕಾಲರ್‌ಶಿಪ್ ಅರ್ಜಿ ತುಂಬಿಸಲು ಸೈಬರ್ ಅಂಗಡಿಯಲ್ಲಿ ನೂರು, ಇನ್ನೂರು ಕೊಡುವ ಬದಲು ಅಲ್ಲಿ ಕೇಳಿ. ಹೊತ್ತು ಬದಲಾಗಬೇಕಾದರೆ ಪಿಡಿಒ ಹತ್ತಿರ ಹೇಳಬಹುದು. ನವೆಂಬರ್ ಹೊತ್ತಿಗೆ ಮಕ್ಕಳ ಗ್ರಾಮಸಭೆಗಳು ಶುರುವಾಗುತ್ತವೆ. ಟಾಯ್ಲೆಟ್ ಬೇಕು ಎಂದು ಒಂದು ಹುಡುಗಿ ಎದ್ದು ನಿಂತು ಹೇಳಿದರೆ ಅದನ್ನು ಬರೆದುಕೊಳ್ಳಲೇಬೇಕಾಗುತ್ತದೆ.

ಇಷ್ಟೆಲ್ಲ ತಲೆಬಿಸಿ ಯಾಕೆ, ನಮ್ಮದೇ ಲೈಬ್ರರಿ ಮಾಡುವ, ಮದ್ರಸ ಕಟ್ಟಡದ ಮೇಲಿನ ಹಾಲ್ ಖಾಲಿ ಉಂಟಲ್ಲ ಎಂದು ಒಬ್ಬ ಹಿರಿಯರು ಹೇಳಿದರು. ಮಾಡಬಹುದು. ಶುದ್ಧ ಟಾಯ್ಲೆಟ್, ಫ್ಯಾನ್, ನೀರು ಎಲ್ಲವೂ ಅಲ್ಲಿ ಇದೆ ಎಂಬುದೂ ನಿಜ. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಮಕ್ಕಳ ಶಾಲೆ ಬೇರೆ ಬೇರೆ ಆಗುತ್ತಾ ಬಂತು, ಆಟದ ತಂಡ ಬೇರೆ, ಜ್ಯೂಸ್ ಕುಡಿಯುವ ಅಂಗಡಿ ಕೂಡ ಬೇರೆ. ಸಿಇಟಿಗೆ ಓದುವ ನನ್ನ ಮಗಳೂ ಆಚೆ ಬೀದಿಯ ಪೂಜಾರಿಯವರ ಮಗಳೂ ಒಂದೇ ಮೇಜಿನಲ್ಲಿ ಕೂತು ಪೆನ್ನು ಬದಲಾಯಿಸಿಕೊಳ್ಳುವ ಜಾಗಗಳಲ್ಲಿ ಸಾರ್ವಜನಿಕ ಗ್ರಂಥಾಲಯ ಒಂದು ಉಳಿದಿದೆ. ಅದನ್ನು ಬಿಟ್ಟುಕೊಟ್ಟು ನಮ್ಮದಕ್ಕೆ ಬಂದು ಕೂತರೆ, ತೆರಿಗೆ ಕೊಟ್ಟೂ ಹೊರಗೆ ನಿಂತವರು ನಾವೇ ಆಗುತ್ತೇವೆ. ಇನ್ನು ಟಾಯ್ಲೆಟ್ ಬೇಕಾದದ್ದು ಪೂಜಾರಿಯವರ ಮಗಳಿಗೂ.

ಕಳೆದ ವಾರ ನಾವು ಮೂರು ಜನ ನಮ್ಮ ಗ್ರಂಥಾಲಯಕ್ಕೆ ಹೋದೆವು. ಅಲ್ಲಿರುವುದು ಒಬ್ಬರೇ. ಪೇಪರ್ ಜೋಡಿಸುವುದು, ರಿಜಿಸ್ಟರ್ ಬರೆಯುವುದು, ಕಸ ಗುಡಿಸುವುದು ಎಲ್ಲವೂ ಅವರೇ; ಅವರ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ. ವಾರಕ್ಕೆ ಒಂದು ದಿನ, ಬುಧವಾರ, ಬೆಳಗ್ಗಿನ ಎರಡು ಗಂಟೆಯನ್ನು ಮಧ್ಯಾಹ್ನ ಎರಡೂವರೆಗೆ ಹಾಕಿ, ಬೀಗದ ಕೈ ಗ್ರಂಥಾಲಯದಲ್ಲೇ ಇರಲಿ, ಸಪ್ತಾಹದ ಏಳು ದಿನದಲ್ಲಿ ಒಂದು ಕಾರ್ಯಕ್ರಮ ಆ ಹೊತ್ತಿಗೆ ಆಗಲಿ ಎಂದೆವು. ಅವರು ಎಲ್ಲ ಕೇಳಿ, “ಹೊತ್ತು ಬದಲಿಸಲು ಮೇಲಿನವರ ಆರ್ಡರ್ ಬೇಕು. ನೀವು ಬರೆದು ಕೊಡಿ, ನಾನು ಕಳುಹಿಸ್ತೇನೆ. ಆದರೆ ಸರ್, ನಿಜವಾಗಿ ಯಾರಾದರೂ ಬರ್ತಾರಾ?” ಎಂದು ಕೇಳಿದರು.

ಆ ಪ್ರಶ್ನೆಗೆ ನಾವು ಮೂರು ಗಂಡಸರು ಉತ್ತರ ಕೊಡುವ ಹಾಗಿರಲಿಲ್ಲ. ಮನೆಗೆ ಬಂದು ಒಂದು ನೋಟ್‌ಬುಕ್ ಹೆಂಗಸರ ಕೈಗೆ ಕೊಟ್ಟೆವು, ಬರುವವರು ಹೆಸರು ಬರೆಯಿರಿ ಎಂದು. ಮೊದಲ ದಿನ ಮಗಳು ಮತ್ತು ಅವಳ ಉಮ್ಮ. ಈಗ ಅದು ನಮ್ಮ ಓಣಿ ದಾಟಿ ಆಚೆ ಬೀದಿಗೆ ಹೋಗಿದೆ, ಹದಿನೇಳು ಹೆಸರು ಆಗಿದೆಯಂತೆ. ಅದರಲ್ಲಿ ಪೂಜಾರಿಯವರ ಮಗಳದ್ದೂ ಉಂಟು. ಮುಂದಿನ ಸೋಮವಾರ ಗ್ರಂಥಾಲಯಕ್ಕೆ ರಜೆ, ಮಂಗಳವಾರ ಅರ್ಜಿ ಕೊಡುತ್ತೇವೆ.