ಯಾರ ಪೈಕಿ?

ನಮ್ಮ ಕಡೆ ಹೊಸಬರು ಕಂಡರೆ ಮೊದಲು ಕೇಳುವುದು ಒಂದೇ ಮಾತು: ‘ಯಾರ ಪೈಕಿರೀ ನೀವು?’ ಜಮಖಂಡಿಯ ಬಸ್‌ಸ್ಟ್ಯಾಂಡಿನಲ್ಲಿ, ಬೀಳಗಿಯ ಸಂತೆಯಲ್ಲಿ, ಮುಧೋಳದ ಮದುವೆ ಹಂದರದಲ್ಲಿ, ರಬಕವಿ-ಬನಹಟ್ಟಿಯ ಮಗ್ಗದ ಮನೆಯ ಕಟ್ಟೆಯ ಮೇಲೆ ಈ ಪ್ರಶ್ನೆ ಕೇಳುತ್ತಲೇ ನಾವು ಬೆಳೆದಿದ್ದೇವೆ. ಉತ್ತರ ಬಂದ ಕೂಡಲೇ ಎಲ್ಲೋ ಒಂದು ಬೀಗತನದ ಎಳೆ ಸಿಗುತ್ತದೆ, ಚಾ ಬರುತ್ತದೆ, ಮಾತು ಬೆಳೆಯುತ್ತದೆ. ಆದರೆ ಇದೇ ಪ್ರಶ್ನೆಯನ್ನು ಸರಕಾರ ಕೋವಿ ಹಿಡಿದು ಕೇಳಿದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಮುಧೋಳ ತಾಲ್ಲೂಕಿನ ಹಲಗಲಿಗೆ ಹೋದರೆ ಸಾಕು.

1857ರಲ್ಲಿ ಉತ್ತರದ ಸಿಪಾಯಿಗಳ ದಂಗೆಗೆ ಬೆದರಿದ ಬ್ರಿಟಿಷರು ಜನರ ಕೈಯಲ್ಲಿದ್ದ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದರು. ಹಲಗಲಿಯ ಬೇಡರು ಕೊಡಲು ಒಪ್ಪಲಿಲ್ಲ. ನವೆಂಬರ್ ತಿಂಗಳ ಕೊನೆಯಲ್ಲಿ ದಂಡು ಬಂದು ಊರನ್ನು ಮುತ್ತಿತು, ಮನೆಗಳಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಸೆರೆ ಸಿಕ್ಕವರನ್ನು ಸಾಲಾಗಿ ಗಲ್ಲಿಗೇರಿಸಿದರು. ಈ ಕತೆಯ ಲಾವಣಿಯನ್ನು ಮುಂದೆ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಸಂಗ್ರಹಿಸಿದ. ಶಾಲೆಯಲ್ಲಿ ಅದನ್ನು ಶೌರ್ಯದ ಪಾಠವಾಗಿ ಓದಿದ್ದೇವೆ. ವಯಸ್ಸಾದಂತೆ ನನಗೆ ಅದರಲ್ಲಿ ಇನ್ನೊಂದು ಪಾಠ ಕಾಣುತ್ತಿದೆ. ಬಂದೂಕು ಹಿಡಿದವನ ಮನೆ ಯಾವುದು, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳ ಮನೆ ಯಾವುದು ಎಂದು ಆ ಬೆಂಕಿ ವಿಚಾರಿಸಲಿಲ್ಲ. ಹಲಗಲಿಯ ಪೈಕಿ ಆಗಿದ್ದರೆ ಸಾಕಿತ್ತು.

ಸರಿಯಾಗಿ ನೂರೈವತ್ತು ವರ್ಷಗಳ ಮೇಲೆ, 2007ರ ಜುಲೈ 2ರಂದು, ಮೂಡಿಗೆರೆಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ವೈದ್ಯಕೀಯ ಓದಿದ ಡಾ. ಮೊಹಮ್ಮದ್ ಹನೀಫ್ ಅವರನ್ನು ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಪೊಲೀಸರು ಹಿಡಿದರು. ಬೆಂಗಳೂರಿನಲ್ಲಿ ಹೆಂಡತಿಗೆ ಹೆರಿಗೆಯಾಗಿ ಒಂದು ವಾರವೂ ಆಗಿರಲಿಲ್ಲ. ಮಗಳ ಮುಖ ನೋಡಲು ಅವರು ಹೊರಟಿದ್ದರು. ಎರಡು ದಿನ ಮೊದಲು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪ್ ನುಗ್ಗಿಸಿದ ಕಫೀಲ್ ಅಹಮದ್ ಹನೀಫರ ದೂರದ ಸೋದರಸಂಬಂಧಿ. ಕಫೀಲ್‌ನ ತಮ್ಮನಿಗೆ ಹನೀಫ್ ಹಿಂದಿನ ವರ್ಷ ಬ್ರಿಟನ್ ಬಿಡುವಾಗ ತಮ್ಮ ಸಿಮ್ ಕಾರ್ಡ್ ಕೊಟ್ಟು ಬಂದಿದ್ದರು.

ನಮ್ಮೂರಿನ ಯಾವ ಹುಡುಗ ಹೀಗೆ ಮಾಡಿಲ್ಲ ಹೇಳಿ. ದುಡಿಯಲು ಹೋದ ಊರು ಬಿಡುವಾಗ ಸಿಮ್ಮು, ಗ್ಯಾಸ್ ಒಲೆ, ಹಾಸಿಗೆ ಎಲ್ಲವನ್ನೂ ಕಾಕಾನ ಮಗನಿಗೋ ಮಾವನ ಮಗನಿಗೋ ಕೊಟ್ಟು ಬರುವುದು ನಮ್ಮ ರೂಢಿ. ಆ ರೂಢಿಯೇ ಅಲ್ಲಿ ಭಯೋತ್ಪಾದನೆಗೆ ನೆರವು ಎನಿಸಿತು. ಹನ್ನೆರಡು ದಿನ ಆರೋಪವನ್ನೇ ಹೊರಿಸದೆ ಕೂಡಿಹಾಕಿದರು. ಸಿಮ್ ಗ್ಲಾಸ್ಗೋದ ಆ ಜೀಪಿನಲ್ಲೇ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಿದರು. ಅದು ಇದ್ದದ್ದು ಬೇರೆಲ್ಲೋ, ಲಿವರ್‌ಪೂಲ್‌ನಲ್ಲಿ. ಜುಲೈ 16ರಂದು ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟ ದಿನವೇ ವಲಸೆ ಸಚಿವರು ವೀಸಾ ರದ್ದು ಮಾಡಿ ಅವರನ್ನು ಬಂಧನದಲ್ಲೇ ಉಳಿಸಿದರು. ಕಾರಣ ಏನು? ಅನುಮಾನಿತರ ಜತೆ ‘ಸಂಬಂಧ’. ಅದೇ ಹಳೆಯ ಪ್ರಶ್ನೆ, ಇಂಗ್ಲಿಷಿನಲ್ಲಿ.

ಮುಂದೆ ನಡೆದದ್ದನ್ನೂ ಹೇಳಬೇಕು, ಏಕೆಂದರೆ ನಾವು ಕಲಿಯಬೇಕಾದದ್ದು ಅಲ್ಲಿದೆ. ಹನೀಫ್ ಪರ ವಕೀಲರು ವಿಚಾರಣೆಯ ದಾಖಲೆಯನ್ನು ಪತ್ರಿಕೆಗೆ ಕೊಟ್ಟು ಜನರ ಮುಂದಿಟ್ಟರು. ಅದೇ ಜುಲೈ 27ಕ್ಕೆ ಆರೋಪ ಬಿದ್ದುಹೋಯಿತು. ವೀಸಾ ರದ್ದು ತಪ್ಪೆಂದು ಆಗಸ್ಟಿನಲ್ಲಿ ಫೆಡರಲ್ ನ್ಯಾಯಾಲಯ ಹೇಳಿತು. ಸರಕಾರವೇ ನೇಮಿಸಿದ ಕ್ಲಾರ್ಕ್ ಆಯೋಗ 2008ರಲ್ಲಿ ಪೊಲೀಸರ ತಪ್ಪುಗಳನ್ನು ಒಂದೊಂದಾಗಿ ಬರೆದಿಟ್ಟಿತು. 2010ರಲ್ಲಿ ಪರಿಹಾರ ಕೊಟ್ಟರು. ಆರೋಪವಿಲ್ಲದೆ ಹಿಡಿದಿಡುವ ಅವಧಿಗೆ ಕಾನೂನಿನಲ್ಲಿ ಮಿತಿ ಹಾಕಿದರು. ತಪ್ಪು ಮಾಡಿದ ದೇಶ ತಪ್ಪನ್ನು ಒಪ್ಪಿ, ಕಾಯ್ದೆಯನ್ನೂ ತಿದ್ದಿತು.

ಈಗ ನಮ್ಮ ಮನೆಗೆ ಬರೋಣ. ಕಲಬುರಗಿಯಲ್ಲಿ ಫಾರ್ಮಸಿ ಓದುತ್ತಿದ್ದ ನಿಸಾರುದ್ದೀನ್ ಅಹಮದ್ ಎಂಬ ಹುಡುಗನನ್ನು 1994ರ ಜನವರಿಯಲ್ಲಿ ಹೈದರಾಬಾದ್ ಪೊಲೀಸರು ಹಿಡಿದೊಯ್ದರು. 1993ರ ಡಿಸೆಂಬರಿನಲ್ಲಿ ರೈಲುಗಳಲ್ಲಿ ಸಿಡಿದ ಬಾಂಬುಗಳ ಪ್ರಕರಣದಲ್ಲಿ ಅವನೂ ಆರೋಪಿಯಾದ. ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಪೊಲೀಸರ ವಶದಲ್ಲಿದ್ದಾಗ ಬರೆಸಿಕೊಂಡ ತಪ್ಪೊಪ್ಪಿಗೆಯೇ ಅವನ ವಿರುದ್ಧದ ಮುಖ್ಯ ಸಾಕ್ಷ್ಯ. ಅಂಥ ತಪ್ಪೊಪ್ಪಿಗೆಗೆ ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆ ಬಾಗಿಲು ತೆರೆದಿತ್ತು. 1995ರಲ್ಲಿ ಟಾಡಾ ಸತ್ತಿತು, ಆದರೆ ಅವನ ಮೇಲಿನ ಮೊಕದ್ದಮೆ ಸಾಯಲಿಲ್ಲ. 2016ರ ಮೇ 11ರಂದು ಸುಪ್ರೀಂ ಕೋರ್ಟ್ ಆ ತಪ್ಪೊಪ್ಪಿಗೆಯನ್ನು ತಳ್ಳಿಹಾಕಿ ಅವನನ್ನು ಖುಲಾಸೆ ಮಾಡಿತು. ಜೈಪುರದ ಜೈಲಿನ ಬಾಗಿಲು ದಾಟಿದಾಗ ಇಪ್ಪತ್ತೆರಡು ವರ್ಷ ಕಳೆದಿತ್ತು. ಅವನ ಅಣ್ಣನನ್ನೂ ಹಿಡಿದಿದ್ದರು. ಆತ ಜೈಲಿನಲ್ಲೇ ಕ್ಯಾನ್ಸರ್ ಹತ್ತಿಸಿಕೊಂಡು ಹೊರಬಂದ. ಮಕ್ಕಳಿಗಾಗಿ ಕೋರ್ಟು ಅಲೆದ ತಂದೆ ಈ ತೀರ್ಪು ಕೇಳಲು ಬದುಕಿರಲಿಲ್ಲ.

ಹನೀಫ್‌ಗೆ ಸಿಕ್ಕದ್ದು ನಿಸಾರ್‌ಗೆ ಹಕ್ಕಾಗಿ ಯಾಕೆ ಸಿಗುವುದಿಲ್ಲ? ಉತ್ತರ 1979ರ ಒಂದು ಕಾಗದದಲ್ಲಿದೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ ಒಂಬತ್ತನೇ ವಿಧಿ, ಕಾನೂನುಬಾಹಿರವಾಗಿ ಬಂಧಿತನಾದವನಿಗೆ ಪರಿಹಾರ ಪಡೆಯುವ ಹಕ್ಕಿದೆ ಎನ್ನುತ್ತದೆ. ಭಾರತ ಅದಕ್ಕೆ ಸೇರುವಾಗಲೇ ಅಂಥ ಹಕ್ಕು ನಮ್ಮ ಕಾನೂನು ವ್ಯವಸ್ಥೆಯಲ್ಲಿ ಇಲ್ಲವೆಂದು ಬರೆದುಕೊಟ್ಟಿತು. ನಮ್ಮ ನ್ಯಾಯಾಲಯಗಳು ಮುಂದೆ ಕೆಲವು ಪ್ರಕರಣಗಳಲ್ಲಿ ಪರಿಹಾರ ಕೊಡಿಸಿದವು. ಆ ಹೇಳಿಕೆಗೆ ಈಗ ಅರ್ಥವುಳಿದಿಲ್ಲ ಎಂದು 1996ರ ಡಿ.ಕೆ. ಬಸು ತೀರ್ಪು ಹೇಳಿತು. ಆದರೂ ಪರಿಹಾರ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬ ಸ್ಥಿತಿಯಲ್ಲೇ ಉಳಿದಿದೆ. ಅಕ್ಷರಧಾಮ ದಾಳಿಯ ಪ್ರಕರಣದಲ್ಲಿ 2014ರಲ್ಲಿ ಖುಲಾಸೆಯಾದವರು ಪರಿಹಾರ ಬೇಡಿ ಹೋದಾಗ 2016ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತಪ್ಪಾಗಿ ಮೊಕದ್ದಮೆಗೆ ಗುರಿಯಾದವರಿಗೆ ಪರಿಹಾರ ಕೊಡುವ ಕಾನೂನು ಬೇಕೆಂದು ಕಾನೂನು ಆಯೋಗ 2018ರಲ್ಲಿ ತನ್ನ 277ನೇ ವರದಿಯಲ್ಲಿ ಶಿಫಾರಸು ಮಾಡಿತು. ವರದಿ ಬಂದಿದೆ, ಕಾನೂನು ಬಂದಿಲ್ಲ.

‘ಬಾಂಬು ಹಾಕಿದವರಿಗೆ ಎಂಥಾ ಹಕ್ಕುರೀ?’ ಎಂದು ಕೇಳುವವರ ಸಿಟ್ಟು ನನಗೆ ಅರ್ಥವಾಗುತ್ತದೆ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬು ಸಿಡಿದಾಗ, ಅಲ್ಲಿ ಮಕ್ಕಳನ್ನು ಓದಲು, ದುಡಿಯಲು ಬಿಟ್ಟ ನಮ್ಮ ಭಾಗದ ಎಷ್ಟೋ ತಾಯಂದಿರ ಎದೆ ನಡುಗಿತು. ಮಧ್ಯಾಹ್ನ ಊಟಕ್ಕೆ ಕುಳಿತವರ ಮೇಲೆ ಬಾಂಬು ಹಾಕುವುದು ಯಾವ ನ್ಯಾಯಕ್ಕೂ ಒಪ್ಪದ ಕ್ರೌರ್ಯ. ಅಂಥವರನ್ನು ಹಿಡಿಯಬೇಕು, ಸಾಕ್ಷ್ಯ ಒದಗಿಸಬೇಕು, ಶಿಕ್ಷೆ ಕೊಡಿಸಬೇಕು. ಅದಕ್ಕೆಂದೇ ನಾನು ಕೇಳುತ್ತೇನೆ: ತಪ್ಪು ಮಾಡದವನು ಇಪ್ಪತ್ತೆರಡು ವರ್ಷ ಒಳಗಿದ್ದರೆ ತಪ್ಪು ಮಾಡಿದವನು ಎಲ್ಲಿದ್ದ? ಆ ರೈಲುಗಳಲ್ಲಿ ಸತ್ತವರ ಮನೆಯವರಿಗೆ ಕೊನೆಗೆ ಸಿಕ್ಕ ನ್ಯಾಯ ಯಾವುದು?

ಜಗತ್ತು ಈ ಪಾಠವನ್ನು ಪೆಟ್ಟು ತಿಂದೇ ಕಲಿತಿದೆ. ನ್ಯೂಯಾರ್ಕ್ ದಾಳಿಯಾದ ಹದಿನೇಳೇ ದಿನಕ್ಕೆ, 2001ರ ಸೆಪ್ಟೆಂಬರ್ 28ರಂದು, ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1373ನೇ ನಿರ್ಣಯ ಹೊರಡಿಸಿ ಎಲ್ಲ ದೇಶಗಳೂ ಭಯೋತ್ಪಾದನೆಯ ವಿರುದ್ಧ ಕಠಿಣ ಕ್ರಮ ಕೈಗೊಳ್ಳಬೇಕೆಂದಿತು. ಆ ಕ್ರಮಗಳು ಮಾನವ ಹಕ್ಕುಗಳಿಗೆ ಬದ್ಧವಾಗಿರಬೇಕೆಂಬ ಸ್ಪಷ್ಟ ಮಾತು ಬಂದದ್ದು 2003ರ ಜನವರಿಯಲ್ಲಿ, 1456ನೇ ನಿರ್ಣಯದಲ್ಲಿ. 2006ರಲ್ಲಿ ಮಹಾಸಭೆ ಒಪ್ಪಿದ ಜಾಗತಿಕ ಕಾರ್ಯತಂತ್ರಕ್ಕೆ ನಾಲ್ಕು ಕಂಬಗಳು. ಅವುಗಳಲ್ಲಿ ಒಂದು ಮಾನವ ಹಕ್ಕು ಮತ್ತು ಕಾನೂನಿನ ಆಳ್ವಿಕೆ. ಭಯೋತ್ಪಾದನೆ ತಡೆಯುವ ನಮ್ಮ ಯುಎಪಿಎ ಕಾಯ್ದೆಯ ಪೀಠಿಕೆ 1373ನೇ ನಿರ್ಣಯವನ್ನು ನೆನೆಯುತ್ತದೆ. ಅದೇ ಕಾಯ್ದೆಯಲ್ಲಿ ಆರೋಪಪಟ್ಟಿ ಇಲ್ಲದೆ 180 ದಿನ ಹಿಡಿದಿಡಬಹುದು, ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಜಾಮೀನಿಲ್ಲ. ವಿಚಾರಣೆ ವರ್ಷಗಟ್ಟಲೆ ಎಳೆದರೆ ಜಾಮೀನು ಕೊಡಬಹುದೆಂದು 2021ರ ನಜೀಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ವಿಶ್ವಸಂಸ್ಥೆಯಿಂದ ನಾವು ಕೋಲನ್ನು ತಂದೆವು, ಅದರ ಜತೆ ಬಂದ ಅಳತೆಗೋಲನ್ನು ಅಲ್ಲೇ ಬಿಟ್ಟು ಬಂದೆವು.

ಕೇಳಬೇಕಾದದ್ದು ದೊಡ್ಡದೇನಲ್ಲ. 1979ರ ಆ ಹೇಳಿಕೆಯನ್ನು ಹಿಂತೆಗೆದುಕೊಳ್ಳಿ. 277ನೇ ವರದಿಯನ್ನು ಕಾನೂನು ಮಾಡಿ, ಖುಲಾಸೆಯಾದವನಿಗೆ ಪರಿಹಾರ ಭಿಕ್ಷೆಯಾಗದೆ ಹಕ್ಕಾಗಲಿ. ಪ್ರತಿ ಠಾಣೆಯಲ್ಲೂ, ಎನ್‌ಐಎ ಕಚೇರಿಯಲ್ಲೂ ಸಿಸಿಟಿವಿ ಇರಬೇಕೆಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಪಾಲನೆಯಾಗಿದೆಯೇ ಎಂದು ನಮ್ಮ ಶಾಸಕರು, ಸಂಸದರು ಕೇಳಲಿ. ಬಾಗಲಕೋಟೆ ಜಿಲ್ಲೆಯ ಠಾಣೆಗಳಿಂದಲೇ ಶುರುಮಾಡಲಿ.

ಉಳಿದದ್ದು ನಮ್ಮ ಪಾಲಿನದು. ಕೋರ್ಟು ಬಿಟ್ಟರೂ ಊರು ಬಿಡುವುದಿಲ್ಲ. ಖುಲಾಸೆಯಾಗಿ ಬಂದವನಿಗೆ ಬಾಡಿಗೆ ಮನೆ ಸಿಗುವುದಿಲ್ಲ, ಮಗ್ಗದ ಮಾಲೀಕ ಕೆಲಸ ಕೊಡಲು ಹಿಂದೆಮುಂದೆ ನೋಡುತ್ತಾನೆ, ತಂಗಿಗೆ ಬಂದ ಸಂಬಂಧ ಅರ್ಧ ದಾರಿಯಲ್ಲೇ ತಿರುಗಿ ಹೋಗುತ್ತದೆ. ‘ಅವನ ಪೈಕಿ’ ಎಂಬ ಒಂದೇ ಮಾತು ಇಡೀ ಮನೆಗೆ ಎರಡನೇ ಜೈಲಾಗುತ್ತದೆ. ಹಲಗಲಿಯ ಮನೆಗಳನ್ನು ಸುಟ್ಟವರು ಪರಕೀಯರು. ಈ ಬೆಂಕಿಯನ್ನು ಮಾತ್ರ ನಾವೇ ಹಚ್ಚುತ್ತೇವೆ, ನಾವೇ ಆರಿಸಬೇಕು.

ನಮ್ಮ ಕಡೆ ಇನ್ನೊಂದು ಪ್ರಶ್ನೆಯೂ ಇದೆ. ಬಾಗಿಲಿಗೆ ಬಂದವನನ್ನು ಹೆಸರು ಕೇಳುವ ಮೊದಲೇ ಕೇಳುವ ಪ್ರಶ್ನೆ. ಜೈಲಿನ ಚೀಲ ಹೆಗಲಿಗೆ ಹಾಕಿಕೊಂಡು, ನಿರಪರಾಧಿ ಎಂಬ ತೀರ್ಪಿನ ಕಾಗದ ಜೇಬಿನಲ್ಲಿಟ್ಟುಕೊಂಡು ಒಬ್ಬ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ, ನಾವು ಅವನನ್ನು ಮೊದಲು ಕೇಳಬೇಕಾದದ್ದು ಅದನ್ನೇ: ‘ಊಟ ಆತೇನಪಾ?’