ಹಿಂದಿನ ಕೋಣೆಯ ಹಾಡು

ಗೋಕಾಕದ ಹಳೆಯ ಪೇಟೆಯಲ್ಲಿ ಒಂದು ಮನೆ. ಕಲ್ಲುಮಣ್ಣಿನ ಗೋಡೆಗಳು, ಒಂದೊಂದರ ದಪ್ಪವೂ ಎರಡು ಅಡಿಗೆ ಕಡಿಮೆಯಿಲ್ಲ. ಮುಂದೆ ಪಡಸಾಲೆ, ಅದರ ಹಿಂದೆ ನಡುಮನೆ, ಆಮೇಲೆ ಅಡಿಗೆಮನೆ. ಎಲ್ಲಕ್ಕೂ ಹಿಂದೆ, ಹಿತ್ತಿಲಿಗೆ ತಾಗಿದಂತೆ, ಅಜ್ಜನ ಕೋಣೆ. ಎಂಬತ್ತು ದಾಟಿದ ಅಜ್ಜನಿಗೆ ಕಣ್ಣು ಮಬ್ಬಾಗಿ ಎರಡು ವರ್ಷಗಳಾದುವು. ಓದು ನಿಂತಿತು, ಉಳಿದುದು ಕಿವಿಯೊಂದೇ. ಇದನ್ನರಿತ ಮೊಮ್ಮಗಳು ದೀಪಾವಳಿಗೆ ಬೆಂಗಳೂರಿನಿಂದ ಬರುವಾಗ ಅಂಗೈಯಗಲದ ಸ್ಪೀಕರೊಂದನ್ನು ತಂದು ಅಜ್ಜನ ತಲೆದಿಂಬಿನ ಬಳಿ ಇಟ್ಟಳು. ಮೊಬೈಲಿನಲ್ಲಿ ಬೆರಳೊತ್ತಿದರೆ ಸಾಕು, ಮಲ್ಲಿಕಾರ್ಜುನ ಮನ್ಸೂರರ ಕಂಠ ಆ ಕೋಣೆಯನ್ನು ತುಂಬಬೇಕು.

ತುಂಬಲಿಲ್ಲ. ಆಲಾಪ ಏರುವಷ್ಟರಲ್ಲಿ ಹಾಡು ತಡೆಯುವುದು, ಮತ್ತೆ ಎರಡು ತಾನ ಕೇಳಿಸುವುದು, ಮತ್ತೆ ಮೌನ.

ಮಗ ಸುಮ್ಮನಿರುವವನಲ್ಲ. ಬೆಳಗಾವಿಗೆ ಹೋಗಿ, ಏಳು ಸಾವಿರ ರೂಪಾಯಿ ತೆತ್ತು, ಆರು ಕೊಂಬುಗಳ ರೌಟರೊಂದನ್ನು ತಂದ. ಪಡಸಾಲೆಯಲ್ಲಿ ಟಿ.ವಿ.ಯ ಹಿಂದೆ, ಕಪಾಟಿನೊಳಗೆ, ಅಂದವಾಗಿ ಇರಿಸಿದ. ಪಡಸಾಲೆಯಲ್ಲಿ ಅವನ ಮೊಬೈಲು ಮಿಂಚಿನಂತೆ ಓಡಿತು. ಆದರೆ ಈಗ ಆ ಮೊಬೈಲಿಗೆ ಹಿಂದಿನ ಕೋಣೆಯ ಸ್ಪೀಕರು ಕಾಣಿಸದೇ ಹೋಯಿತು.

“ಇರಲಿ ಬಿಡೋ ತಮ್ಮಾ, ಹಾಡು ಕೇಳದಿದ್ದರ ಏನಾಕ್ಕೈತಿ” ಎಂದರು ಅಜ್ಜ. ಮರುದಿನದಿಂದ ಅವರು ಹಾಡಿನ ಮಾತನ್ನೇ ಎತ್ತಲಿಲ್ಲ. ಇದನ್ನು ಗಮನಿಸಿದವಳು ಸೊಸೆ.

ಹಣ ಖರ್ಚಾಗಿ, ಪೆಟ್ಟಿಗೆ ಮನೆಗೆ ಬಂದು, ಯಾರಿಗಾಗಿ ತಂದೆವೋ ಅವರಿಗೇ ಅದು ಮುಟ್ಟದಿರುವುದು ಇಂದು ಅನೇಕ ಮನೆಗಳ ಕಥೆ. ಅಂಗಡಿಯಲ್ಲಿ ಕೇಳುವ ಪ್ರಶ್ನೆ “ಯಾವುದು ದೊಡ್ಡದು?” ಎಂಬುದು. ಕೇಳಬೇಕಾದುದು ಬೇರೆ: ಮನೆಯಲ್ಲಿ ಎಲ್ಲರಿಗಿಂತ ದೂರ ಕುಳಿತು ಕೇಳುವವರು ಯಾರು? ಅವರಿಗೂ ಪೆಟ್ಟಿಗೆಗೂ ನಡುವೆ ಎಷ್ಟು ಗೋಡೆಗಳಿವೆ?

ರೌಟರೆಂದರೆ ಮನೆಯೊಳಗಿನದೊಂದು ಪುಟ್ಟ ಬಾನುಲಿ ನಿಲಯ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯ ಮಾತು ಬೇರೆ. 765 ಕಿಲೋಹರ್ಟ್ಸ್‌ನಲ್ಲಿ ಹೊರಟ ಅದರ ಅಲೆಯ ಉದ್ದ ಸುಮಾರು 390 ಮೀಟರು. ಗುಡ್ಡಗಳನ್ನು ಬಳಸಿ ಬಂದು ಗೋಕಾಕದ ಮನೆಯನ್ನು ಹೊಗಬಲ್ಲ ಅಲೆ. ರೌಟರಿನ ಅಲೆಗಳು ಹಾಗಲ್ಲ. 2.4 ಗಿಗಾಹರ್ಟ್ಸ್‌ನ ಅಲೆ ಒಂದು ಗೇಣಿಗಿಂತಲೂ ಗಿಡ್ಡ, ಸುಮಾರು ಹನ್ನೆರಡೂವರೆ ಸೆಂಟಿಮೀಟರು. 5 ಗಿಗಾಹರ್ಟ್ಸ್‌ನದು ಆರಕ್ಕಿಂತ ಹೆಚ್ಚಿಲ್ಲ. ಈ ಎರಡನೆಯದು ಹೆಚ್ಚು ಹೊರೆ ಹೊರಬಲ್ಲದು, ಆದರೆ ಗೋಡೆ ಕಂಡರೆ ಬೇಗ ದಣಿಯುತ್ತದೆ. ಮೊದಲನೆಯದು ನಿಧಾನಿ, ಆದರೆ ಇನ್ನೊಂದು ಗೋಡೆ ದಾಟುವಷ್ಟು ತ್ರಾಣವುಳ್ಳದ್ದು. ಎರಡನ್ನೂ ನುಡಿಯುವ ಪೆಟ್ಟಿಗೆಯೇ ಸಂಸಾರಿಗಳಿಗೆ ಯೋಗ್ಯವಾದುದು.

ಇನ್ನು ಕೊಂಬುಗಳ ವಿಚಾರ. ಅವು ಹೆಚ್ಚಿದ್ದರೆ ಏಕಕಾಲಕ್ಕೆ ಹಲವರಿಗೆ ಬಡಿಸಲು ಅನುಕೂಲವಾದೀತು. ಆದರೆ ಇಂಥ ಪೆಟ್ಟಿಗೆಗಳು ಎಷ್ಟು ಶಕ್ತಿಯಿಂದ ಅಲೆಯನ್ನು ಹೊರಡಿಸಬಹುದೆಂಬುದಕ್ಕೆ ಸರಕಾರದ ಕಟ್ಟಳೆಯುಂಟು. ಬೆಲೆ ಹೆಚ್ಚಿತೆಂದು ಯಾವುದೂ ಆ ಮಿತಿ ಮೀರಿ ಕೂಗಲಾರದು. ಮೇಲಾಗಿ ಇದು ಒಮ್ಮುಖದ ಭಾಷಣವಲ್ಲ, ಸಂಭಾಷಣೆ. ರೌಟರು ಕೂಗಿದರೆ ಸಾಲದು. ಮೂಲೆಯಲ್ಲಿರುವ ಪುಟ್ಟ ಸ್ಪೀಕರಿನ ಕ್ಷೀಣವಾದ ಉತ್ತರವೂ ಅದಕ್ಕೆ ಕೇಳಿಸಬೇಕು.

ಸಂಗೀತದ ಹಸಿವಾದರೂ ಎಷ್ಟು? ಟಿ.ವಿ.ಯಲ್ಲಿ ಸ್ಫುಟವಾದ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಬೇಕಾದರೆ, ಅಡಕಗೊಳಿಸಿದ ಉತ್ತಮ ದರ್ಜೆಯ ಹಾಡಿಗೆ 320 ಕಿಲೋಬಿಟ್ ಸಾಕು. ಸಿ.ಡಿ.ಯ ಗುಣವನ್ನು ಕಿಂಚಿತ್ತೂ ಕಳೆಯದೆ ಕೇಳುತ್ತೇವೆಂಬ ರಸಿಕರಿಗೂ ಒಂದೂವರೆ ಮೆಗಾಬಿಟ್ ದಾಟುವುದಿಲ್ಲ. ಘಟಪ್ರಭೆ ಗೋಕಾಕದಲ್ಲಿ 52 ಮೀಟರು ಎತ್ತರದಿಂದ ಧುಮುಕುತ್ತಾಳೆ, ನೋಡಲು ಭವ್ಯ. ಆದರೆ ಹೊಲಕ್ಕೆ ಬೇಕಾದುದು ಧೂಪದಾಳದ ಒಡ್ಡಿನಿಂದ ಕಾಲುವೆಯಲ್ಲಿ ಎಡೆಬಿಡದೆ ಹರಿಯುವ ನೀರು. ಹಾಡಿಗೂ ಅಷ್ಟೇ: ಬೇಕಾದುದು ರಭಸವಲ್ಲ, ಅಖಂಡತೆ. ವೇಗದ ಅಂಕಿಗಳಿಗೆ ಮರುಳಾಗಿ ಹಣ ಸುರಿಯಬೇಕಾಗಿಲ್ಲ.

ಹಾಗಾದರೆ ಕೊಳ್ಳುವಾಗ ನೋಡತಕ್ಕದ್ದೇನು? ಹೊಸದಾಗಿ ಕೊಳ್ಳುವವರು ವೈಫೈ 6 ಎಂಬ ಗುರುತುಳ್ಳದ್ದನ್ನು ಆರಿಸುವುದು ಒಳಿತು. ಕೇವಲ ಹಾಡಿಗಾದರೆ ಅದರ ಹಿಂದಿನ ವೈಫೈ 5 ಆದರೂ ಸಾಕು. ಬೀಗಮುದ್ರೆಯ ಪದ್ಧತಿ ಡಬ್ಲ್ಯುಪಿಎ 3 ಇರಲಿ, ತಪ್ಪಿದರೆ ಡಬ್ಲ್ಯುಪಿಎ 2ಕ್ಕೆ ಕಡಿಮೆ ಬೇಡ. ತಂತಿ ಸಿಕ್ಕಿಸುವ ಕಿಂಡಿಗಳು ಮೂರು ನಾಲ್ಕಾದರೂ ಇರಲಿ. ಸ್ಪೀಕರಿನ ಡಬ್ಬಿಯನ್ನೂ ಓದಬೇಕು. ಅಗ್ಗದ ಎಷ್ಟೋ ಸ್ಪೀಕರುಗಳಿಗೆ 2.4 ಗಿಗಾಹರ್ಟ್ಸ್ ಒಂದೇ ಗೊತ್ತು.

ಆದರೆ ಪೆಟ್ಟಿಗೆಗಿಂತ ಅದರ ಸ್ಥಾನ ಮುಖ್ಯ. ಹಿಂದೆ ರೇಡಿಯೋದ ಏರಿಯಲ್ ತಂತಿಯನ್ನು ಮಾಳಿಗೆಯ ಮೇಲೆ ಬಿದಿರುಗಳಿಗೆ ಬಿಗಿಯುತ್ತಿದ್ದರೇ ಹೊರತು ಕಪಾಟಿನಲ್ಲಿ ಬಚ್ಚಿಡುತ್ತಿರಲಿಲ್ಲ. ರೌಟರು ಮನೆಯ ನಡುವೆ, ಎದೆಮಟ್ಟಕ್ಕೆ ಮೇಲೆ, ಬಯಲಾಗಿರಬೇಕು. ಕಬ್ಬಿಣದ ಕಪಾಟು, ಫ್ರಿಜ್ಜು, ನೀರಿನ ಟಾಕಿ ಇವುಗಳ ಮರೆ ಕೂಡದು. ಮೈಕ್ರೋವೇವ್ ಒಲೆಯ ನೆರೆಯೂ ಬೇಡ. ಅದು ಉರಿಯುವುದು 2.4 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿಯೇ.

ಊರು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಗೋಕಾಕದಿಂದ ಬೇರ್ಪಟ್ಟು ತಾನೇ ಒಂದು ತಾಲೂಕಾದ ಮೂಡಲಗಿಯ ಕಡೆ ತೋಟದ ಮನೆಗಳು ಹೆಚ್ಚು. ಅಣ್ಣನ ಮನೆಗೂ ತಮ್ಮನ ಮನೆಗೂ ನಡುವೆ ಆಳೆತ್ತರದ ಕಬ್ಬು. ನೀರು ತುಂಬಿದ ಹಸಿರು ಈ ಅಲೆಗಳನ್ನು ಹೀರಿಬಿಡುತ್ತದೆ. ಕಬ್ಬು ಕಡಿದಾಗ ಕೇಳಿಸಿದ ಹಾಡು ಬೆಳೆ ನಿಂತಾಗ ಕೇಳಿಸದು. ಅಲ್ಲಿ ಎಂಥ ರೌಟರನ್ನು ತಂದರೂ ವ್ಯರ್ಥ. ಕೊಳವೆಯೊಳಗೆ ಹೂತ ಕ್ಯಾಟ್ 6 ತಂತಿಯೇ ಸರಿಯಾದ ಮಾರ್ಗ. 100 ಮೀಟರಿನವರೆಗೆ ಅದು ನಂಬಿಗಸ್ತ. ಅದಕ್ಕೂ ದೂರವಾದರೆ ಗಾಜಿನೆಳೆಯ ಕೇಬಲ್ಲನ್ನು ಎಳೆಯಬೇಕು.

ಹುಕ್ಕೇರಿಯ ಹೊಸ ಬಡಾವಣೆಗಳ ಎರಡಂತಸ್ತಿನ ಮನೆಗಳಲ್ಲಿ ಅಡ್ಡಿ ಬರುವುದು ಗೋಡೆಯಲ್ಲ, ಕಬ್ಬಿಣದ ಸರಳು ಹೆಣೆದ ಸ್ಲ್ಯಾಬು. ಅಲ್ಲಿ ಎರಡು ಮೂರು ಪೆಟ್ಟಿಗೆಗಳು ಒಂದಾಗಿ ದುಡಿಯುವ ಮೆಶ್ ಪದ್ಧತಿ ಉಪಯುಕ್ತ. ಆದರೆ ಎರಡನೆಯ ಪೆಟ್ಟಿಗೆಯನ್ನು ಅಲೆಯೇ ಮುಟ್ಟದ ಕೋಣೆಯಲ್ಲಿಟ್ಟರೆ ಪ್ರಯೋಜನವಿಲ್ಲ. ತನಗೆ ಕೇಳಿಸದುದನ್ನು ಅದು ಇತರರಿಗೆ ಹೇಗೆ ಹೇಳೀತು? ಮೊದಲನೆಯದು ಚೆನ್ನಾಗಿ ಕೇಳಿಸುವ ಕಡೆ, ಮೆಟ್ಟಿಲ ತಿರುವಿನಲ್ಲಿ, ಅದನ್ನು ಇಡಬೇಕು.

ವಿದ್ಯುತ್ತಿನ ಚಿಂತೆಯೂ ಒಂದುಂಟು. ಗೋಕಾಕದ ಜಲಪಾತದಲ್ಲಿ 1887ರಷ್ಟು ಹಿಂದೆಯೇ ವಿದ್ಯುತ್ತು ಹುಟ್ಟಿತು. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಆದರೂ ಮುಂಗಾರಿನ ಗುಡುಗಿಗೆ ದೀಪ ಆರುವುದು ಎಲ್ಲ ಊರುಗಳಿಗೂ ಬಂದುದೇ. ದೀಪ ಮರಳಿದ ಮೇಲೂ ರೌಟರು ಎಚ್ಚರಗೊಳ್ಳಲು ಒಂದೆರಡು ನಿಮಿಷ ಬೇಕು. ಬಹುಪಾಲು ರೌಟರುಗಳು 12 ವೋಲ್ಟಿನವು. ಅಡಾಪ್ಟರಿನ ಮೇಲಿನ ಅಂಕಿಗೆ ಹೊಂದುವ ಪುಟ್ಟ ಯುಪಿಎಸ್ ಒಂದಿದ್ದರೆ ಹಾಡು ಕತ್ತಲೆಯಲ್ಲಿಯೂ ಮುಂದುವರಿದೀತು. ಇಂಟರ್ನೆಟ್ ಸಂಪರ್ಕದವರು ಕೊಟ್ಟ ಪೆಟ್ಟಿಗೆ ಬೇರೆಯಿದ್ದರೆ ಅದಕ್ಕೂ ಅದೇ ಆಸರೆ ಬೇಕು.

ಗೋಕಾಕದ ಆ ಮನೆಯಲ್ಲಿ ಸೊಸೆ ಕಂಡುಹಿಡಿದ ದೋಷ ಎರಡು ಬಗೆಯದು. ಸಂಪರ್ಕದವರು ಕೊಟ್ಟಿದ್ದ ಹಳೆಯ ಪೆಟ್ಟಿಗೆಯಲ್ಲಿಯೇ ವೈಫೈ ಇತ್ತು. ಸ್ಪೀಕರು ಇನ್ನೂ ಅದಕ್ಕೇ ಅಂಟಿಕೊಂಡಿತ್ತು. ಮಗನ ಮೊಬೈಲು ಹೊಸದಕ್ಕೆ ಸೇರಿತ್ತು. “ಒಂದ ಮನ್ಯಾಗ ಎರಡು ಒಲಿ ಹೂಡಿದಂಗಾಗೇತ್ರೀ” ಎಂದಳು ಗಂಡನಿಗೆ. ಸ್ಪೀಕರೂ ಮೊಬೈಲೂ ಒಂದೇ ಜಾಲದಲ್ಲಿದ್ದರೆ ಮಾತ್ರ ಒಂದನ್ನೊಂದು ಕಾಣಬಲ್ಲವು. ಹಳೆಯ ಪೆಟ್ಟಿಗೆಯ ವೈಫೈಯನ್ನು ಆರಿಸಿ, ಹೊಸದನ್ನು ಆಕ್ಸೆಸ್ ಪಾಯಿಂಟ್ ಎಂಬ ಕ್ರಮಕ್ಕೆ ತಿರುಗಿಸಿದರು. ಆಗ ಮನೆಗೆ ಒಂದೇ ಒಲೆಯಾಯಿತು.

ಎರಡನೆಯದು ಸ್ಥಾನದ ದೋಷ. ಮುನ್ನೂರು ರೂಪಾಯಿಯ ತಂತಿಯೊಂದನ್ನು ತೊಲೆಯ ಗುಂಟ ಎಳೆದು ರೌಟರನ್ನು ನಡುಮನೆಗೆ ತಂದರು. ಹಳೆಯ ಮನೆಗಳ ಒಂದು ಗುಣ ಅಲ್ಲಿ ನೆರವಿಗೆ ಬಂದಿತು: ನಡುಮನೆ, ಅಡಿಗೆಮನೆ, ಅಜ್ಜನ ಕೋಣೆ, ಮೂರರ ಬಾಗಿಲೂ ಒಂದೇ ಸಾಲಿನಲ್ಲಿದ್ದುವು. ಆ ಸಾಲಿಗೆ ಎದುರಾಗಿ, ಗೋಡೆಯ ಗೂಟದ ಮೇಲೆ, ಆರು ಕೊಂಬಿನ ಪೆಟ್ಟಿಗೆ ನೆಲೆಗೊಂಡಿತು. ಅದರ ಏಳು ಸಾವಿರವನ್ನು ಕುರಿತು ಸೊಸೆ ಏನೂ ಆಡಲಿಲ್ಲ.

ಆ ರಾತ್ರಿ ಊಟವಾದ ಮೇಲೆ ಮನ್ಸೂರರ ಹಾಡು ಆಲಾಪದಿಂದ ಹೊರಟು ಕಡೆಯ ತಾನದವರೆಗೆ ಎಲ್ಲಿಯೂ ಕಡಿಯದೆ ನಡೆಯಿತು. ಮುಗಿದ ಮೇಲೆ ಕೋಣೆಯಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ. ಅಜ್ಜನಿಗೆ ನಿದ್ದೆ ಹತ್ತಿತೆಂದು ಸೊಸೆ ದೀಪ ಆರಿಸಲು ಹೋದಳು.

“ಇನ್ನೊಂದ ಹಚ್ಚವಾ” ಎಂದರು ಅಜ್ಜ.