ಕಾಲುಚೀಲ ತೂಗಲು ಪೇಟೆಯ ಸ್ಟ್ಯಾಂಡೇ ಬೇಕಾ? ಹಲಸಿನ ತುಂಡು ಸಾಲದಾ?

ಕಳೆದ ಡಿಸೆಂಬರಿನಲ್ಲಿ ಬೆಳ್ತಂಗಡಿ ತಾಲೂಕಿನ ಒಂದು ಶಾಲೆಯ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬಂತು. ಕ್ರಿಸ್ಮಸ್ ಆಚರಣೆಗೆ ಪ್ರತಿ ಮಗು ಒಂದು ಸ್ಟಾಕಿಂಗ್ ಮತ್ತು ಅದನ್ನು ತೂಗುಹಾಕುವ ಸ್ಟ್ಯಾಂಡ್ ತರತಕ್ಕದ್ದು. ಕ್ರಾಫ್ಟ್‌ಗೆ ಅಂಕ ಉಂಟು.

ನಮ್ಮ ಬಳಗದ ಒಬ್ಬರ ನೆರೆಮನೆಯ ತಾಯಿ ಮೊಬೈಲ್ ಹಿಡಿದುಕೊಂಡು ಓಡಿ ಬಂದರು. ಬೀಡಿ ಕಟ್ಟಿ ಸಂಸಾರ ತೂಗಿಸುವವರು. "ಇದೆಂತ ಮಾರಾಯ್ರೇ? ಸಾಕ್ಸ್ ಅಂತ ಗೊತ್ತಾಯ್ತು. ಅದನ್ನು ನೇತು ಹಾಕ್ಲಿಕ್ಕೆ ಒಂದು ಸ್ಟ್ಯಾಂಡ್ ಎಂತಕ್ಕೆ?" ಎಂದು ಕೇಳಿದರು. ಪೇಟೆಯಲ್ಲಿ ವಿಚಾರಿಸಿದರೆ 450 ರೂಪಾಯಿ. ದಿನವಿಡೀ ಕೂತು ಬೀಡಿ ಕಟ್ಟಿದರೂ ಅವರಿಗೆ ಅಷ್ಟು ದುಡ್ಡು ಹುಟ್ಟುವುದಿಲ್ಲ. ಆದರೂ ಮಗಳು ತರಗತಿಯಲ್ಲಿ ತಲೆ ತಗ್ಗಿಸಬಾರದಲ್ಲ? ಸಾಲ ಮಾಡಿ ತಂದರು. ಮಗಳಿಗೆ ಅಂಕ ಸಿಕ್ಕಿತು. ಮರದ ಹುಡಿ ಒತ್ತಿ ಮಾಡಿದ ಆ ಸ್ಟ್ಯಾಂಡ್ ಜೂನ್ ತಿಂಗಳ ಮೊದಲ ಮಳೆಗೆ ಪೂರಿಯ ಹಾಗೆ ಉಬ್ಬಿ ಒಡೆಯಿತು.

ಆ ಮನೆಯ ಹಿಂದೆಯೇ, ಹಟ್ಟಿಯ ಗೋಡೆಗೆ ಒರಗಿಸಿ, ಕಳೆದ ವರ್ಷ ಗಾಳಿಗೆ ಬಿದ್ದ ಹಲಸಿನ ಗೆಲ್ಲಿನ ತುಂಡುಗಳು ಬಿದ್ದಿದ್ದವು. ಬಚ್ಚಲಿನ ಹಂಡೆಯೊಲೆಗೆ ಅಂತ ಇಟ್ಟದ್ದು.

ನಮ್ಮ ಸಿಟ್ಟು ಇಷ್ಟೇ. ಮಾಡಬಹುದಾದದ್ದನ್ನು ಕೊಂಡು ತರಿಸುವುದು, ಅದಕ್ಕೆ ಕ್ರಾಫ್ಟ್ ಎಂದು ಹೆಸರಿಡುವುದು, ಕೊಳ್ಳಲಾಗದ ತಂದೆತಾಯಿಯನ್ನು ಮಕ್ಕಳ ಮುಂದೆ ಚಿಕ್ಕವರನ್ನಾಗಿ ಮಾಡುವುದು. ಇದು ನಿಲ್ಲಬೇಕು.

ಹೊರಗಿನದ್ದು ಎಂಬುದು ನಮ್ಮ ತಕರಾರಲ್ಲ

ಮೊದಲೇ ಹೇಳಿಬಿಡುತ್ತೇವೆ. "ಇದು ನಮ್ಮ ಸಂಸ್ಕೃತಿ ಅಲ್ಲ" ಎಂದು ಕೂಗುವವರು ಈ ಬರಹವನ್ನು ಹಿಡಿದುಕೊಂಡು ಓಡುವುದು ಬೇಡ.

ಈ ಕಾಲುಚೀಲದ ಹಿಂದೆ ಒಂದು ಒಳ್ಳೆಯ ಕತೆ ಉಂಟು. ಇಂದಿನ ಟರ್ಕಿಯ ಮೈರಾ ಎಂಬಲ್ಲಿ 4ನೇ ಶತಮಾನದಲ್ಲಿ ನಿಕೋಲಸ್ ಎಂಬ ಬಿಷಪ್ ಇದ್ದರು. ಮೂವರು ಹೆಣ್ಣುಮಕ್ಕಳ ಮದುವೆಗೆ ದುಡ್ಡಿಲ್ಲದೆ ಕಂಗಾಲಾದ ಬಡ ತಂದೆಯ ಮನೆಗೆ ಅವರು ರಾತ್ರಿ ಗುಟ್ಟಾಗಿ ಚಿನ್ನ ಎಸೆದರಂತೆ. ಅದು ಒಲೆಯ ಬಳಿ ಒಣಗಲು ಹಾಕಿದ್ದ ಕಾಲುಚೀಲದೊಳಗೆ ಬಿತ್ತಂತೆ. ಐತಿಹ್ಯ ಹೀಗೆ ಹೇಳುತ್ತದೆ. ಮುಂದೆ 1823ರಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಬಂದ ಪದ್ಯವೊಂದು ಚಿಮಣಿಯ ಪಕ್ಕ ನೇತಾಡುವ ಕಾಲುಚೀಲದ ಚಿತ್ರವನ್ನು ಮನೆಮನೆಗೆ ತಲುಪಿಸಿತು.

ಚಳಿ ದೇಶದ ಮನೆಗಳಲ್ಲಿ ಬೆಂಕಿಗೂಡಿನ ಮೇಲೆ ಮರದ ಅಥವಾ ಕಲ್ಲಿನ ಹಲಗೆ ಇರುತ್ತದೆ. ಅದಕ್ಕೆ ಮೊಳೆ ಹೊಡೆದರೆ ಹಲಗೆ ಹಾಳು. ಹಾಗಾಗಿ ಭಾರದ ಒಂದು ಮರದ ದಿಮ್ಮಿಗೆ ಕೊಕ್ಕೆ ಸಿಕ್ಕಿಸಿ ಹಲಗೆಯ ಮೇಲೆ ಇಡುತ್ತಾರೆ, ಕೊಕ್ಕೆಯಲ್ಲಿ ಚೀಲ ತೂಗುತ್ತದೆ. ಸ್ಟಾಕಿಂಗ್ ಸ್ಟ್ಯಾಂಡ್ ಎಂದರೆ ಇಷ್ಟೇ.

ನಮ್ಮ ಮೂಡುಬಿದಿರೆಯ ಸೆಕೆಗೆ ಬೆಂಕಿಗೂಡು ಯಾರಿಗೆ ಬೇಕು? ಸಾಂತಾಕ್ಲಾಸ್ ಇಲ್ಲಿ ಹೊಗೆಕೊಳವೆ ಹುಡುಕಿ ಇಳಿದರೆ ನೇರ ಬಚ್ಚಲಿನ ಹಂಡೆಗೇ ಬೀಳಬೇಕು. ಆದರೆ ಪ್ರತಿ ಮನೆಯಲ್ಲೂ ಕಿಟಕಿಗೆ ದಂಡೆ ಉಂಟು, ಟಿ.ವಿ. ಇಡುವ ಶೆಲ್ಫ್ ಉಂಟು, ಅಲ್ತಾರಿನ ಹಲಗೆ ಉಂಟು. ಅಲ್ಲಿ ಇಟ್ಟರಾಯಿತು.

ಗೋದಲಿಯೂ ಹೊರಗಿನಿಂದಲೇ ಬಂದದ್ದು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಕ್ರಿಸ್ತ ಜನನದ ದೃಶ್ಯವನ್ನು ಕಟ್ಟಿ ತೋರಿಸಿದರು. ಅದು ಅಗ್ರಾರ್, ಮೊಡಂಕಾಪು, ಅಲಂಗಾರು ಕಡೆಯ ಮನೆಗಳಲ್ಲಿ ನಮ್ಮದೇ ಆದದ್ದು ಹೇಗೆ? ಡಿಸೆಂಬರ್ ಎರಡನೇ ವಾರ ಬಂತೆಂದರೆ ಮಕ್ಕಳು ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿಯೋ ಭತ್ತವೋ ಬಿತ್ತುತ್ತಿದ್ದರು. ಹಬ್ಬಕ್ಕೆ ಸರಿಯಾಗಿ ಮೊಳಕೆ ಹುಲ್ಲಾಗುತ್ತಿತ್ತು. ಬೈಹುಲ್ಲಿನ ಮಾಡು, ಅಡಿಕೆ ಸಲಾಕೆಯ ಕಂಬ, ತೋಟದ ಕಲ್ಲಿನ ಪಾಚಿ. ಘಟ್ಟದ ಬುಡಕ್ಕೆ ಕೇರಳದಿಂದ ಬಂದು ನೆಲೆಸಿದ ಕುಟುಂಬಗಳಿಗೂ ಈ ಮಾತು ಹೊಂದುತ್ತದೆ. 1999ರಲ್ಲಿ ಸಿರೋ ಮಲಬಾರ್ ಸಭೆಗೆ ಬೆಳ್ತಂಗಡಿ ಧರ್ಮಪ್ರಾಂತ್ಯವೇ ಆಯಿತು. ಪ್ರಾರ್ಥನೆಯ ಭಾಷೆ ಬೇರೆಯಾದರೂ ನಕ್ಷತ್ರ ಕಟ್ಟುವ ಬಿದಿರು ಒಂದೇ.

ನಮ್ಮ ಕೈ ಹಾಕಿದ್ದರಿಂದ ಅದು ನಮ್ಮದಾಯಿತು. ಕೈ ತೆಗೆದರೆ ಅದು ಮತ್ತೆ ಬರೀ ಅಂಗಡಿಯ ಸಾಮಾನು.

ಮರದ ಊರಿನಲ್ಲಿ ಮರದ ಬರವೇ?

ನಾವಿರುವುದು ಎಂಥ ಊರಿನಲ್ಲಿ? ಮೂಡುಬಿದಿರೆಯ ಚೌಟರ ಅರಮನೆಗೆ ಒಮ್ಮೆ ಹೋಗಿ ನೋಡಿ. ಒಂಬತ್ತು ಹೆಣ್ಣುಗಳು ಸೇರಿ ಆನೆಯಾದ ನವನಾರಿ ಕುಂಜರ, ಐವರು ಸೇರಿ ಕುದುರೆಯಾದ ಪಂಚನಾರಿ ತುರಗ, ಎರಡನ್ನೂ ಮರದ ಕಂಬದಲ್ಲಿ ಕೆತ್ತಿದ್ದಾರೆ. ಅದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಅಂಥ ಊರಿನ ಮಕ್ಕಳಿಗೆ ಒಂದು ದಿಮ್ಮಿಗೆ ಕೊಕ್ಕೆ ಸಿಕ್ಕಿಸಲು ಗೊತ್ತಿಲ್ಲ ಎಂದರೆ ತಪ್ಪು ಮಕ್ಕಳದ್ದಲ್ಲ. ಅವರ ಕೈಗೆ ಉಳಿ, ಗರಗಸ ಕೊಡದ ನಮ್ಮದು.

ಊರಿನ ಆಚಾರ್ರ ಕೊಟ್ಟಿಗೆಗೆ ಹೋದರೆ ಮೂಲೆಯಲ್ಲಿ ತುಂಡುಗಳ ರಾಶಿ ಇರುತ್ತದೆ. ಬಾಗಿಲ ದಾರಂದ ಮಾಡಿ ಉಳಿದ ಹಲಸು, ಹೆಬ್ಬಲಸು, ಮಾವು. ಅದು ಒಲೆಗೆ ಹೋಗುತ್ತದೆ. ರೆಡಿಮೇಡ್ ಬಾಗಿಲು ಬಂದ ಮೇಲೆ ಆಚಾರ್ರಿಗೂ ಕೆಲಸ ಕಡಿಮೆ. "ಸಣ್ಣ ಕೆಲಸ ಅವರು ಮಾಡುವುದಿಲ್ಲ" ಎಂದು ನಾವೇ ತೀರ್ಮಾನ ಮಾಡಿದ್ದೇವೆ. ನಾವು ಹೋಗಿ ಕೇಳಿದಾಗ ಬಂದ ಉತ್ತರ ಬೇರೆ: "ಒಂದಕ್ಕೆ ಗರಗಸ ಹಿಡಿಯುವುದು ಕಷ್ಟ ಮಾರಾಯ್ರೇ. ಇಡೀ ಕ್ಲಾಸಿನದ್ದು ಒಟ್ಟಿಗೆ ಹೇಳಿ, ಅರ್ಧ ದಿನದಲ್ಲಿ ಕೊಯ್ದು ಕೊಡ್ತೇನೆ."

ಶಾಲೆಯವರು ಇದನ್ನು ಮಾಡಿದ್ದರೆ? ಮೂವತ್ತು ಮಕ್ಕಳ 450 ರೂಪಾಯಿ ಎಂದರೆ 13,500 ರೂಪಾಯಿ. ಅದರಲ್ಲಿ ಸಣ್ಣ ಪಾಲು ಆಚಾರ್ರ ಅರ್ಧ ದಿನದ ಕೂಲಿಗೆ ಹೋಗುತ್ತಿತ್ತು. ಉಳಿದದ್ದು ತಂದೆತಾಯಿಯ ಕಿಸೆಯಲ್ಲೇ ಇರುತ್ತಿತ್ತು.

ಮಾಡುವುದು ಹೀಗೆ

ಬೈದು ಬಿಟ್ಟುಬಿಡುವ ಜಾತಿ ನಮ್ಮದಲ್ಲ. ನಾವೇ ಮಾಡಿ ನೋಡಿದ್ದೇವೆ. ಓದಿ, ಮಾಡಿ.

ಆರು ಇಂಚು ಉದ್ದ, ಮೂರು ಇಂಚು ಅಗಲ, ಒಂದೂವರೆ ಇಂಚು ದಪ್ಪದ ಹಲಸಿನ ತುಂಡು ಒಂದು. ಒಣಗಿದ್ದೇ ಆಗಬೇಕು. ಹಸಿಮರ ಒಣಗುವಾಗ ಬಿರುಕು ಬಿಡುತ್ತದೆ. ಗರಗಸದ ಕೆಲಸ ದೊಡ್ಡವರು ಮಾಡಿ, ಸ್ಯಾಂಡ್ ಪೇಪರ್ ಉಜ್ಜುವುದನ್ನು ಮಕ್ಕಳಿಗೆ ಬಿಡಿ.

ಮೂರು ಇಂಚಿನ ಎದುರು ಮುಖದ ನಡುವೆ ಸಣ್ಣ ಮೊಳೆಯಿಂದ ಮೊದಲು ತೂತು ಮಾಡಿ, ಆಮೇಲೆ ಹಾರ್ಡ್‌ವೇರ್ ಅಂಗಡಿಯ ಸ್ಕ್ರೂ ಹುಕ್ ತಿರುಗಿಸಿ. ತೂತು ಮಾಡದೆ ತಿರುಗಿಸಿದರೆ ಮರ ಸೀಳುತ್ತದೆ. ಕೊಕ್ಕೆ ಒಂದು ಇಂಚು ಮಾತ್ರ ಹೊರಗೆ ಇರಲಿ.

ದಿಮ್ಮಿಯ ಅಡಿಗೆ ಹಳೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿ, ಜಾರುವುದಿಲ್ಲ. ದಿಮ್ಮಿಯ ಎದುರು ಮುಖ ಕಿಟಕಿ ದಂಡೆಯ ಅಂಚಿಗೆ ಸರಿಯಾಗಿ ಬರುವಂತೆ ಇಡಿ, ಉದ್ದ ಒಳಗಡೆಗೆ ಇರಲಿ.

ಬೀಳುವುದಿಲ್ಲವಾ ಎಂದು ಕೇಳುವವರು ಏತ ನೆನಪಿಸಿಕೊಳ್ಳಿ. ತೂಗುವ ಭಾರ ಅಂಚಿನಿಂದ ಒಂದು ಇಂಚು ಆಚೆ, ದಿಮ್ಮಿಯ ಭಾರದ ನಡು ಮೂರು ಇಂಚು ಈಚೆ. ಇಷ್ಟು ದೊಡ್ಡ ಹಲಸಿನ ತುಂಡು ಸುಮಾರು ಕಾಲು ಕಿಲೋ ತೂಗುತ್ತದೆ. ಅದು ಅರ್ಧ ಕಿಲೋ ಕುಸ್ವಾರ್ ತುಂಬಿದ ಚೀಲವನ್ನು ತಡೆಯುತ್ತದೆ. ಇನ್ನೂ ಭಾರ ಹಾಕುವವರು ದಿಮ್ಮಿಯ ಹಿಂದಿನ ತುದಿಯಲ್ಲಿ ಒಂದು ಕಲ್ಲು ಇಟ್ಟು, ಅದನ್ನೇ ಗೋದಲಿಯ ಗುಡ್ಡ ಮಾಡಿ. ನೋಡಿ, ಏಳನೇ ತರಗತಿಯ ಮಗುವಿಗೆ ವಿಜ್ಞಾನದ ಪಾಠವೂ ಆಯಿತು.

ಬಣ್ಣ ಬೇಡ. ಹಲಸಿನ ಮರದ ಹಳದಿಯೇ ಚಂದ, ವರ್ಷ ಕಳೆದಂತೆ ಕಂದು ತಿರುಗುತ್ತದೆ. ಮಗುವಿನ ಹೆಸರು, ವರ್ಷ ಅಡಿಯಲ್ಲಿ ಕೊರೆಯಿರಿ.

ತೂಗಲು ಕೆಂಪು ಕಾಲುಚೀಲವೇ ಆಗಬೇಕೆಂದಿಲ್ಲ. ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ಮಡಚಿ ಹೊಲಿದರೆ ಚೀಲ. ಅಥವಾ ಕೊರಗ ಸಮುದಾಯದವರು ಹೆಣೆದ ಸಣ್ಣ ಬುಟ್ಟಿ ತನ್ನಿ, ಅವರು ಹೇಳಿದ ರೇಟಿಗೆ, ಚೌಕಾಸಿ ಮಾಡದೆ. ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಆ ಕೈಕೆಲಸಕ್ಕೆ ನಾವು ಮಾಡಿದ ಅನ್ಯಾಯ ಸಣ್ಣದಲ್ಲ.

ನೆಪಗಳಿಗೆ ಉತ್ತರ

"ಪುರುಸೊತ್ತಿಲ್ಲ" ಎನ್ನುತ್ತಾರೆ. ಸಂಜೆ ರೀಲ್ಸ್ ನೋಡುವ ಪುರುಸೊತ್ತು ನಮಗೆಲ್ಲ ಉಂಟು, ನಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇವೆ. ಇದು ಒಂದು ಭಾನುವಾರದ ಕೆಲಸ.

"ಪೇಟೆಯದ್ದು ಫಿನಿಶಿಂಗ್ ಚಂದ" ಎನ್ನುತ್ತಾರೆ. ಹೌದು. ಎಲ್ಲ ಮಕ್ಕಳದ್ದೂ ಒಂದೇ ತರಹ ಚಂದ. ಹಾಗಾದರೆ ಟೀಚರ್ ಅಂಕ ಕೊಟ್ಟದ್ದು ಯಾರ ಕೆಲಸಕ್ಕೆ?

"ಸ್ಪರ್ಧೆಯಲ್ಲಿ ಗೆಲ್ಲುವುದಿಲ್ಲ" ಎನ್ನುತ್ತಾರೆ. ಇದು ನಿಜ, ಮತ್ತು ಇಲ್ಲೇ ರೋಗ ಇರುವುದು. ಗೋದಲಿ ಸ್ಪರ್ಧೆಗಳಲ್ಲಿ ಥರ್ಮಾಕೋಲಿನ ಹಿಮಕ್ಕೆ, ಲೈಟಿನ ಸರಕ್ಕೆ ಬಹುಮಾನ ಹೋಗುವುದನ್ನು ನಾವು ವರದಿ ಮಾಡುತ್ತಾ ಬಂದಿದ್ದೇವೆ. ಅಲಂಕಾರದ ಥರ್ಮಾಕೋಲನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಲಾಗಿದೆ. ನಿಷೇಧ ಆದ ವಸ್ತುವಿಗೆ ಬಹುಮಾನ ಕೊಡುವ ತೀರ್ಪುಗಾರರು ಯಾವ ಲೆಕ್ಕದಲ್ಲಿ ಅಂಕ ಹಾಕುತ್ತಾರೆ? ಮಂಗಳೂರಿನ ಕುದ್ರೋಳಿಯಲ್ಲಿ ದೀಪಾವಳಿಗೆ ನಡೆಯುವ ಗೂಡುದೀಪ ಸ್ಪರ್ಧೆಯಲ್ಲಿ ಸಾಂಪ್ರದಾಯಿಕ ವಿಭಾಗವೇ ಬೇರೆ ಉಂಟು. ಬಿದಿರು ಸೀಳಿ ಕಾಗದ ಅಂಟಿಸುವವರಿಗೂ ಅಲ್ಲಿ ಜಾಗ ಉಂಟು. ಅದನ್ನು ನೋಡಿ ಕಲಿಯಲು ಯಾರಿಗೂ ಮುಜುಗರ ಬೇಡ. ಗೂಡುದೀಪ ಕಟ್ಟಿದ ಕೈಗೆ ನಕ್ಷತ್ರ ಕಟ್ಟಲೂ ಬರುತ್ತದೆ.

ನಾವು ಕೇಳುವುದು

ಶಾಲೆಯವರಲ್ಲಿ: ಕ್ರಾಫ್ಟ್ ಎಂದರೆ ತರಗತಿಯಲ್ಲೇ, ಟೀಚರ ಕಣ್ಣೆದುರೇ ಮಾಡುವ ಕೆಲಸ. ಮನೆಯಿಂದ ತರಬೇಕಾದದ್ದು ಮರದ ತುಂಡು ಮಾತ್ರ. ಕೊಂಡು ತಂದದ್ದಕ್ಕೆ ಸೊನ್ನೆ ಅಂಕ. ಊರಿನ ಆಚಾರ್ರನ್ನು ಒಂದು ದಿನ ಕರೆಸಿ, ಕುರ್ಚಿ ಕೊಟ್ಟು ಕೂರಿಸಿ, ಸಂಬಳ ಕೊಟ್ಟು ಕಳಿಸಿ.

ಚರ್ಚಿನ ಯುವಜನರಲ್ಲಿ: ಈ ವರ್ಷದ ಸ್ಪರ್ಧೆಯಲ್ಲಿ ಒಂದು ಹೊಸ ನಿಯಮ ಹಾಕಿ. ಖರ್ಚು 200 ರೂಪಾಯಿ ಮೀರಬಾರದು. ಆಗ ಗೆಲ್ಲುವವರು ಯಾರು ಎಂದು ನೋಡೋಣ.

ತಂದೆತಾಯಿಯರಲ್ಲಿ: ಮುಂದಿನ ಸಲ ಅಂಥ ಮೆಸೇಜ್ ಬಂದರೆ ಪೇಟೆಗೆ ಓಡಬೇಡಿ. "ಟೀಚರ್, ನಮ್ಮ ಮಗು ಮನೆಯಲ್ಲೇ ಮಾಡಿದ್ದು ತಂದರೆ ಆಗ್ತದಾ?" ಎಂದು ಗ್ರೂಪಿನಲ್ಲೇ ಕೇಳಿ. ಎಲ್ಲರೂ ಓದುವಂತೆ ಕೇಳಿ. ಒಬ್ಬರು ಕೇಳಿದರೆ ಸುಮ್ಮನಿದ್ದ ಹತ್ತು ಮಂದಿ "ನಮಗೂ ಹಾಗೇ ಆಗ್ತದೆ" ಎಂದು ಹಾಕುತ್ತಾರೆ.

ಕ್ರಿಸ್ಮಸ್ ದಿನ ನೆರೆಯ ಬಾಯಮ್ಮ ತಟ್ಟೆಗೆ ಬಟ್ಟೆ ಮುಚ್ಚಿ ಕುಸ್ವಾರ್ ತರುವುದು ನಮ್ಮ ಊರಿನ ಎಲ್ಲ ಮನೆಗಳಿಗೂ ಗೊತ್ತು. ಕಿಡಿಯೊ, ನೆವ್ರ್ಯೊ, ಗುಳಿಯೊ. ಪೇಟೆಯ ಬೇಕರಿಯಲ್ಲೂ ಈಗ ಅದು ಸಿಗುತ್ತದೆ. ಆದರೂ ಆ ತಟ್ಟೆಗೆ ನಾವು ಯಾಕೆ ಕಾಯುತ್ತೇವೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಆ ಬೀಡಿ ಕಟ್ಟುವ ತಾಯಿಯ ಮಗಳು ಈಗ ಆರನೇ ತರಗತಿ. ಮೊನ್ನೆ ಅವರ ಮನೆಗೆ ಹೋದಾಗ ಹಟ್ಟಿಯ ಗೋಡೆಯ ಬಳಿಯ ಹಲಸಿನ ತುಂಡೊಂದು ಜಗಲಿಗೆ ಬಂದಿತ್ತು. ಒಂದು ಬದಿ ಉಜ್ಜಿ ಆಗಿದೆ. "ಹುಕ್ ಒಂದು ತಂದುಕೊಡಿ ಅಣ್ಣ, ಇಪ್ಪತ್ತು ರೂಪಾಯಿಯೊಳಗೆ ಸಿಗ್ತದಲ್ಲ?" ಎಂದಳು. ತಂದುಕೊಟ್ಟಿದ್ದೇವೆ. ಈ ಸಲ ಶಾಲೆಯವರು ಅದಕ್ಕೆ ಎಷ್ಟು ಅಂಕ ಹಾಕುತ್ತಾರೆ ಎಂಬುದನ್ನು ಜನವರಿಯಲ್ಲಿ ಇಲ್ಲೇ ಬರೆಯುತ್ತೇವೆ.